ಹನ್ನಾ ಹೋಖಳ ಕತ್ತರಿ

ಕಲಾವಿಮರ್ಶೆಯಲ್ಲಿ ಒಂದು ಬಗೆಯ ಮಡಿವಂತಿಕೆ ಉಂಟು. ಕುಂಚ ಹಿಡಿದ ಕೈಗೆ ಹಾಕುವ ಮಣೆಯನ್ನು ಸೂಜಿ ಹಿಡಿದ ಕೈಗೆ ಹಾಕುವುದಿಲ್ಲ. ಜರ್ಮನಿಯ ಕಲಾವಿದೆ ಹನ್ನಾ ಹೋಖಳ (1889–1978) ವಿಷಯದಲ್ಲಿ ಈ ಮಡಿಯಿಂದ ಆಗಿರುವ ಅನ್ಯಾಯ ಸಣ್ಣದಲ್ಲ. ಆಕೆಯ ಹೆಸರೆತ್ತಿದೊಡನೆ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬಂಡೆದ್ದ ‘ದಾದಾ’ ಪಂಥದ ಮಾತು ಬರುತ್ತದೆ. ಛಾಯಾಚಿತ್ರಗಳನ್ನು ಕತ್ತರಿಸಿ ಅಂಟಿಸುವ ಹೊಸ ಕ್ರಮದ ಮಾತು ಬರುತ್ತದೆ. ಹತ್ತು ವರ್ಷ ಆಕೆ ಹೊಟ್ಟೆಪಾಡಿಗಾಗಿ ಮಾಡಿದ ಕೆಲಸ ಮಾತ್ರ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಆಕೆಯ ಕಲೆಯ ಬೇರು ಇರುವುದು ಆ ಸಾಲಿನಲ್ಲಿ ಎಂದು ನನ್ನ ಎಣಿಕೆ.

1916ರಿಂದ 1926ರವರೆಗೆ ಬರ್ಲಿನ್ನಿನ ಉಲ್‌ಸ್ಟೈನ್ ಪ್ರಕಾಶನದಲ್ಲಿ ವಾರಕ್ಕೆ ಮೂರು ದಿನ ಆಕೆಗೆ ಕೆಲಸ. ಹೆಂಗಸರ ಪತ್ರಿಕೆಗಳಿಗೆ ಕಸೂತಿ, ಲೇಸು, ಹೆಣಿಗೆಗಳ ನಮೂನೆ ಬರೆದುಕೊಡಬೇಕು. ಜನಪ್ರಿಯ ಸಚಿತ್ರ ವಾರಪತ್ರಿಕೆಯೊಂದನ್ನೂ ಅದೇ ಸಂಸ್ಥೆ ಹೊರಡಿಸುತ್ತಿತ್ತು. ಹೀಗಾಗಿ ಹೊಲಿಗೆಯ ನಮೂನೆಗಳೂ ಮಂತ್ರಿಗಳು, ನಟಿಯರು, ಯಂತ್ರಗಳ ಅಚ್ಚಾದ ಚಿತ್ರಗಳೂ ಆಕೆಯ ಕೈಗೆ ಒಂದೇ ಸೂರಿನಡಿ ಸಿಕ್ಕವು. ನಮೂನೆ ಬರೆಯುವವರಿಗೆ ಒಂದು ಅಭ್ಯಾಸ ಅಂಟಿಕೊಂಡಿರುತ್ತದೆ: ಅಂಗಿಯನ್ನು ಇಡಿಯಾಗಿ ನೋಡದೆ ತೋಳು, ಕೊರಳು, ಬೆನ್ನು ಎಂದು ಬಿಡಿಸಿ ನೋಡುವುದು. ಮನುಷ್ಯರನ್ನೂ ಆಕೆ ಹಾಗೆಯೇ ಬಿಡಿಸಿದಳು. ಕಸೂತಿ ಚಿತ್ರಕಲೆಯ ಹತ್ತಿರದ ನಂಟು, ಅದಕ್ಕೂ ಕಲೆಯ ಗೌರವ ಸಲ್ಲಬೇಕು ಎಂದು 1918ರಷ್ಟು ಹಿಂದೆಯೇ ಕಸೂತಿ ಪತ್ರಿಕೆಯೊಂದರಲ್ಲಿ ವಾದಿಸಿದ್ದವಳು ಈಕೆ.

ಎಲ್ಲರೂ ಹೊಗಳುವ ಕೃತಿ 1919–20ರದು. ಅಡಿಗೆಮನೆಯ ಚಾಕುವಿನಿಂದ ಕೊಯ್ದದ್ದು ಎಂದು ಅದರ ಹೆಸರು ಮೊದಲಾಗುತ್ತದೆ. ಜರ್ಮನಿಯ ಬಿಯರಿನ ಡೊಳ್ಳುಹೊಟ್ಟೆಯನ್ನು ಹೆಸರಿನಲ್ಲಿಯೇ ಇರಿದು ಮುಗಿಯುತ್ತದೆ. ಚಿತ್ರಕಾರ್ತಿ ಕೇಟೆ ಕೊಲ್ವಿಟ್ಸಳ ತಲೆ ಅಲ್ಲಿ ನರ್ತಕಿಯೊಬ್ಬಳ ಮೈಯ ಮೇಲೆ ತೇಲುತ್ತದೆ. ಬಲಗಡೆಯ ಕೆಳಮೂಲೆಯಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಬಂದ ಯೂರೋಪಿನ ದೇಶಗಳ ನಕ್ಷೆ. ಅದರ ಮಗ್ಗುಲಲ್ಲಿ ಆಕೆಯದೇ ಪುಟ್ಟ ಮುಖ. ಈ ಕೃತಿ ಕಾಣಿಸಿಕೊಂಡ 1920ರ ದಾದಾ ಪ್ರದರ್ಶನಕ್ಕೆ ಆಕೆಯನ್ನು ಸೇರಿಸಿಕೊಳ್ಳಲು ಗ್ರೋಸ್, ಹಾರ್ಟ್‌ಫೀಲ್ಡ್ ಒಪ್ಪಿರಲಿಲ್ಲ. ಆಗ ಸಂಗಾತಿಯಾಗಿದ್ದ ಹೌಸ್ಮನ್ ತಾನೂ ಹಿಂದೆಗೆಯುವೆನೆಂದು ಹೆದರಿಸಿದ ಮೇಲೆ ಜಾಗ ದೊರೆಯಿತು. ಸಂಪ್ರದಾಯವನ್ನೆಲ್ಲ ಸುಡಹೊರಟ ಮಹನೀಯರಿಗೆ ಈ ಒಂದು ಸಂಪ್ರದಾಯವನ್ನು ಸುಡಲು ಮನಸ್ಸು ಬರಲಿಲ್ಲವೆನ್ನಿ!

ಆದರೂ ಅದರ ಗದ್ದಲ ನನಗೆ ಸ್ವಲ್ಪ ಹೆಚ್ಚೆಂದೇ ತೋರುತ್ತದೆ. ಅದಕ್ಕಿಂತ 1922ರ ‘ಗಣ್ಯವಾದ ಒಂದು ಲೇಸಿನ ಅಂಗಿಯ ಸ್ಮಾರಕಕ್ಕೆ ನಕ್ಷೆ’ ನನಗೆ ಮೇಲು. ಇದರಲ್ಲಿ ಮಂತ್ರಿಗಳಿಲ್ಲ, ಸುದ್ದಿಯಿಲ್ಲ. ಇರುವುದು ಲೇಸು, ಕಸೂತಿಗಳ ನಮೂನೆ ಕಾಗದದ ತುಂಡುಗಳು. ಸೇನಾನಿಗಳಿಗೆ ಕಲ್ಲಿನ ಸ್ಮಾರಕ ನಿಲ್ಲಿಸುವ ನಾಡಿನಲ್ಲಿ ಅಂಗಿಗೊಂದು ಕಾಗದದ ಸ್ಮಾರಕ! ನಗೆ ಬರುತ್ತದೆ, ನಿಜ. ನಕ್ಕ ಮೇಲೆ ಮತ್ತೆ ನೋಡಿದರೆ ಆ ತುಂಡುಗಳ ಜೋಡಣೆಯಲ್ಲಿ ಎಂಥ ಹದ! ದಿನಗೂಲಿಯ ಕಾಗದವನ್ನೇ ಕಲೆಯ ಚೌಕಟ್ಟಿಗೆ ತಂದ ಧೈರ್ಯ ಅಡಿಗೆಮನೆಯ ಚಾಕುವಿನ ಧೈರ್ಯಕ್ಕೆ ಕಡಮೆಯದಲ್ಲ.

ಇನ್ನು ನನಗೆ ಒಪ್ಪದ ಮಾತು. 1924ರ ಸುಮಾರಿಗೆ ತೊಡಗಿ ಆಕೆ ‘ಜನಾಂಗ ವಸ್ತುಸಂಗ್ರಹಾಲಯದಿಂದ’ ಎಂಬ ಮಾಲೆಯನ್ನು ರಚಿಸಿದಳು. 1930ರ ‘ಭಾರತೀಯ ನರ್ತಕಿ’ ಅದರಲ್ಲೊಂದು. ಈಗ ನ್ಯೂಯಾರ್ಕಿನ ಆಧುನಿಕ ಕಲಾಸಂಗ್ರಹಾಲಯದಲ್ಲಿದೆ. ಮುಖದ ಒಂದು ಪಾಲು 1928ರ ಚಲನಚಿತ್ರದಲ್ಲಿ ಜೋನ್ ಆಫ್ ಆರ್ಕ್ ಆಗಿ ನಟಿಸಿದ ಫಾಲ್ಕೊನೆಟ್ಟಿಯದು. ಇನ್ನೊಂದು ಪಾಲು ಆಫ್ರಿಕದ ಕ್ಯಾಮರೂನಿನ ಮರದ ಮುಖವಾಡ. ಭಾರತವೆಲ್ಲಿ? ಹೆಸರಿನಲ್ಲಿ ಮಾತ್ರ. ದೂರದ ದೇಶಗಳೆಲ್ಲ ಒಂದೇ ಕಪಾಟಿನ ಸಾಮಾನು ಎನ್ನುವ ಯೂರೋಪಿನ ದೃಷ್ಟಿಯನ್ನು ಆಕೆ ಅಣಕಿಸುತ್ತಿದ್ದಾಳೆಂದು ಸಮರ್ಥಿಸುವವರಿದ್ದಾರೆ. ಇರಬಹುದು. ಆ ಕಪಾಟಿನಿಂದಲೇ ಆಕೆಯೂ ಎತ್ತಿಕೊಂಡಳು ಎಂಬುದನ್ನು ನಾವಾದರೂ ಮರೆಯುವಂತಿಲ್ಲ.

ಹಾಗೆಂದು ಚಿತ್ರವನ್ನು ತಳ್ಳಿಹಾಕಲೂ ಆಗುವುದಿಲ್ಲ; ಆ ತಲೆಯ ಮೇಲಿನ ಕಿರೀಟ ಬಿಡುವುದಿಲ್ಲ. ಅದು ಚಮಚ, ಚಾಕುಗಳ ಆಕಾರ ಕತ್ತರಿಸಿದ ಕಿರೀಟ. ಪಟ್ಟ ಕಟ್ಟಿದ ತಲೆಯ ಮೇಲೂ ಅಡಿಗೆಮನೆಯ ಭಾರವೇ! ಇಲ್ಲಿ ಕಲಾವಿದೆ ತನ್ನ ಅನುಭವದ ನೆಲದ ಮೇಲೆ ನಿಂತಿದ್ದಾಳೆ. ಪಂಥದ ಗೆಳೆಯ ರಿಕ್ಟರ್ ಆಕೆಯನ್ನು ನೆನೆಯುವಾಗ, ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿಯೂ ಎಲ್ಲರಿಗೂ ತಿಂಡಿ, ಬಿಯರು, ಕಾಫಿ ಒದಗಿಸುತ್ತಿದ್ದವಳೆಂದು ಮೆಚ್ಚಿ ಬರೆದ.

ನಾಜಿಗಳ ಕಾಲದಲ್ಲಿ ಆಕೆ ಬರ್ಲಿನ್ನಿನ ಅಂಚಿನ ಹೈಲಿಗೆನ್‌ಜೇಗೆ ಸರಿದು (1939), ತನ್ನವೂ ಗೆಳೆಯರವೂ ಆದ ಕೃತಿಗಳನ್ನು ಬಚ್ಚಿಟ್ಟು ಉಳಿಸಿದಳು. ಎಂಬತ್ತು ದಾಟಿದ ಮೇಲೆ, 1972–73ರಲ್ಲಿ, ಮತ್ತೆ ಕತ್ತರಿ ಹಿಡಿದು ‘ಬಾಳಿನ ಚಿತ್ರ’ ಎಂಬ ದೊಡ್ಡ ಕೃತಿಯನ್ನು ಜೋಡಿಸಿದಳು. ಈ ಸಲ ಕತ್ತರಿಗೆ ಸಿಕ್ಕವು ಆಕೆಯದೇ ಭಾವಚಿತ್ರಗಳು, ಆಕೆಯದೇ ಹಳೆಯ ಕೃತಿಗಳ ಪ್ರತಿಗಳು.