‘ಕರಡಿ’ ಕಥೆಯಲ್ಲಿ ಕಾಲೌಚಿತ್ಯ

ಕ್ಷೇಮೇಂದ್ರನು ‘ಔಚಿತ್ಯವಿಚಾರಚರ್ಚೆ’ಯಲ್ಲಿ ಔಚಿತ್ಯದ ಸ್ಥಾನಗಳನ್ನೆಣಿಸುವಾಗ ಪದವಾಕ್ಯರಸಗಳೊಡನೆ ದೇಶವನ್ನೂ ಕಾಲವನ್ನೂ ಸೇರಿಸಿರುವನು. ಪಾಠಶಾಲೆಗಳಲ್ಲಿ ಕಾಲೌಚಿತ್ಯವೆಂದರೆ ವಸಂತಕ್ಕೆ ಕೋಗಿಲೆ, ವರ್ಷಕ್ಕೆ ನವಿಲು ಎಂಬಷ್ಟರಲ್ಲಿಯೇ ವಿಚಾರವು ಮುಗಿದುಹೋಗುವುದುಂಟು. ಕವಿಸಮಯವನ್ನು ದಾಟಿ, ಮೃಗದ ನಿಜವಾದ ಜೀವನಕ್ರಮಕ್ಕೆ ಕಾವ್ಯದ ಕಾಲವು ಹೊಂದಿದೆಯೇ ಎಂದು ಕೇಳುವವರು ವಿರಳ. ಅಮೆರಿಕಾದ ವಿಲಿಯಂ ಫಾಕ್ನರನು 1942ರಲ್ಲಿ ಪ್ರಕಟಿಸಿದ ‘ಗೋ ಡೌನ್, ಮೋಸಸ್’ ಎಂಬ ಗ್ರಂಥದೊಳಗಿನ ‘ಕರಡಿ’ ಎಂಬ ದೀರ್ಘಕಥೆಯು ಈ ಪ್ರಶ್ನೆಗೆ ತಕ್ಕ ನಿಕಷವಾಗಿದೆ. ಅದರಲ್ಲಿ ಬರುವ ಓಲ್ಡ್ ಬೆನ್ ಎಂಬ ಮುದಿ ಕರಡಿಯು ಅರಣ್ಯದ ಸಂಕೇತವೆಂದು ಹೇಳಿ ತೃಪ್ತರಾಗುವ ವ್ಯಾಖ್ಯಾನಕಾರರೇ ಹೆಚ್ಚು. ಸಂಕೇತವೆಂಬುದು ಸುಳ್ಳಲ್ಲ, ಆದರೆ ವಾಚ್ಯಾರ್ಥವು ಗಟ್ಟಿಯಾಗಿ ನಿಲ್ಲದೆಡೆಯಲ್ಲಿ ವ್ಯಂಗ್ಯಕ್ಕೆ ಆಶ್ರಯವೆಲ್ಲಿಯದು?

ಅಮೆರಿಕಾದ ಕಪ್ಪು ಕರಡಿಯ ವರ್ಷವು ಆಹಾರಕ್ಕೆ ಕಟ್ಟುಬಿದ್ದುದು. ವಸಂತದಲ್ಲಿ ಗುಹೆಯಿಂದಲೋ ಪೊಟರೆಯಿಂದಲೋ ಹೊರಟು ಎಳೆಹುಲ್ಲು ಚಿಗುರುಗಳನ್ನು ತಿನ್ನುವುದು. ಬೇಸಗೆಯ ಮೊದಲಲ್ಲಿ ಗಂಡು ಹೆಣ್ಣನ್ನರಸಿ ಬಹುದೂರ ಅಲೆಯುವುದು. ಆಮೇಲೆ ಕಾಡುಹಣ್ಣುಗಳ ಕಾಲ. ಶರತ್ತಿನಲ್ಲಿ ಓಕ್ ಮರದ ಕಾಯಿ, ಬೀಚ್ ಮರದ ಬೀಜಗಳನ್ನು ಹಗಲಿರುಳೆನ್ನದೆ ಮೆದ್ದು ಕೊಬ್ಬಿ, ಚಳಿಗೆ ಮಲಗುವುದು. ಮೇಯ್ನ್ ಸಂಸ್ಥಾನದಲ್ಲಿ ಬೇಟೆಗಾರರು ಆಮಿಷವನ್ನೊಡ್ಡಿ ಕರಡಿಯನ್ನು ಕೊಲ್ಲುವ ಪದ್ಧತಿಯುಂಟು. ಆಗಸ್ಟ್ ತಿಂಗಳ ಕೊನೆಗೆ ಬೇಟೆಯು ಮೊದಲಾಗುವುದಕ್ಕೆ ಒಂದು ತಿಂಗಳು ಮುಂಚಿತವಾಗಿಯೇ ತಿನಿಸನ್ನಿಟ್ಟು ಮೃಗಕ್ಕೆ ರೂಢಿಮಾಡುವರು. (‘ಆಮಿಷ’ ಶಬ್ದವು ಸಂಸ್ಕೃತದಲ್ಲಿ ಮೊದಲು ಮಾಂಸವಾಚಕ, ಕನ್ನಡದಲ್ಲಿ ಅದು ಪ್ರಲೋಭನಮಾತ್ರವಾಗಿ ಉಳಿದಿದೆ. ಮೇಯ್ನಿನ ಕಾಡಿನಲ್ಲಿ ಬಹುಮಟ್ಟಿಗೆ ಹಳಸಿದ ಸಿಹಿರೊಟ್ಟಿ, ಮಿಠಾಯಿಗಳನ್ನೇ ಇಡುವರಾದುದರಿಂದ ಕನ್ನಡದ ಅರ್ಥವೇ ಅಲ್ಲಿಗೆ ಸಲ್ಲುವುದು!) ವಿಚಿತ್ರವೆಂದರೆ, ಈ ಆಮಿಷವೂ ಋತುವಿನ ಅಧೀನವೇ. ಕಾಡಿನಲ್ಲಿ ಫಲಸಮೃದ್ಧಿಯಾದ ವರ್ಷ ಕರಡಿಯು ಇಟ್ಟ ತಿನಿಸಿನ ಕಡೆಗೆ ಅಷ್ಟಾಗಿ ಸುಳಿಯದು; ಕಾಯಿ ಬೀಜಗಳು ಸೋತ ವರ್ಷ ಹೆಚ್ಚು ಹೆಚ್ಚಾಗಿ ಬರುವುದು. ಅಂದಮೇಲೆ ತಾನು ಮೃಗವನ್ನು ಕರೆಯುತ್ತಿರುವೆನೆಂಬ ಮನುಷ್ಯನ ಎಣಿಕೆಯು ಅರ್ಧಸತ್ಯವು. ಕೊಲೊರಾಡೊ ಸಂಸ್ಥಾನದ ಪ್ರಜೆಗಳು 1992ರಲ್ಲಿ ಈ ಪದ್ಧತಿಯನ್ನು ನಿಷೇಧಿಸಿದರು. ಮೇಯ್ನಿನವರು 2004ರಲ್ಲಿಯೂ 2014ರಲ್ಲಿಯೂ ಮತವಿತ್ತು ಉಳಿಸಿಕೊಂಡರು.

ಫಾಕ್ನರನ ಬೇಟೆಗಾರರು ಮಿಸಿಸಿಪ್ಪಿಯ ತಗ್ಗುನೆಲದವರು. ಅವರದು ನಾಯಿಗಳ ಬೇಟೆ. ಕರಡಿಗೆ ಆಮಿಷವನ್ನೊಡ್ಡುವುದಿಲ್ಲ, ತಾವೇ ಅದರ ಕಾಲಕ್ಕೆ ಹೋಗುವರು. ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಬಿಡಾರ ಹೂಡುವುದು ಅವರಿಗೆ ವ್ರತದಂತೆ. ಐಸಾಕ್ ಮೆಕಾಸ್ಲಿನನೆಂಬ ಬಾಲಕನು ಹತ್ತನೆಯ ವಯಸ್ಸಿನಲ್ಲಿ ಅಲ್ಲಿಗೆ ಮೊದಲು ಬರುವನು. ಆದರೆ ಅವನಿಗೆ ಕರಡಿಯ ದರ್ಶನವಾಗುವುದು ಬೇಟೆಯ ನವೆಂಬರಿನಲ್ಲಲ್ಲ, ಮುಂದಿನ ಜೂನ್ ತಿಂಗಳಿನಲ್ಲಿ. ಕೋವಿಯನ್ನು ಬಿಡಾರದಲ್ಲಿ ಬಿಟ್ಟು, ಗಡಿಯಾರವನ್ನೂ ದಿಕ್ಸೂಚಿಯನ್ನೂ ಪೊದೆಗೆ ತಗುಲಿಹಾಕಿ ನಡೆದಮೇಲೆ. ಜೂನ್ ಎಂದರೆ ಗಂಡುಕರಡಿಯು ಹೆಚ್ಚಾಗಿ ಅಲೆಯುವ ಕಾಲವೆಂಬುದನ್ನು ನೆನೆದರೆ ಈ ಸಂಯೋಜನೆಯ ಬಿಗಿ ತಿಳಿಯುವುದು. ಬಾಲಕನು ಕಾಲವನ್ನಳೆಯುವ ಯಂತ್ರವನ್ನು ತ್ಯಜಿಸಿದೊಡನೆಯೇ ಮೃಗದ ಕಾಲವನ್ನು ಹೊಕ್ಕನೆಂಬುದು ಧ್ವನಿ. ಇಲ್ಲಿ ವಾಚ್ಯವೂ ವ್ಯಂಗ್ಯವೂ ಒಂದನ್ನೊಂದು ತಳ್ಳುವುದಿಲ್ಲ.

ಹಾಗಾದರೆ ಕಥೆಯಲ್ಲಿ ಆಮಿಷವೇ ಇಲ್ಲವೇ? ಒಂದೇ ಒಂದೆಡೆ ಇದೆ. ಅದೇ ಕಥೆಯ ಮರ್ಮಸ್ಥಾನ. ಒಂದು ಕುದುರೆಮರಿ ಸತ್ತುಬಿದ್ದಾಗ, ಓಲ್ಡ್ ಬೆನ್ ಬೇಟೆಯ ಮರ್ಯಾದೆಯನ್ನು ಮೀರಿತೆಂದು ಮೇಜರ್ ಡಿ ಸ್ಪೇನನು ಶಂಕಿಸುವನು. ಶಂಕೆ ಸುಳ್ಳು. ಸ್ಯಾಮ್ ಫಾದರ್ಸನೆಂಬ ವೃದ್ಧ ವನಚರನು ಆ ಮರಿಯ ಕಳೇಬರವನ್ನೇ ಒಡ್ಡಿ ಬೋನಿನಲ್ಲಿ ಹಿಡಿಯುವುದು ಕರಡಿಯನ್ನಲ್ಲ, ಲಯನ್ ಎಂಬ ಕಾಡುನಾಯಿಯನ್ನು. ಆ ನಾಯಿಯನ್ನು ಹಸಿವಿನಿಂದ ಪಳಗಿಸುವರು. ಅದೇ ಮುಂದೆ ಕರಡಿಯ ಕೊರಳನ್ನು ಹಿಡಿಯುವುದು. ಆಮಿಷಕ್ಕೆ ಎಂದೂ ಬಾರದ ಮೃಗವು ಆಮಿಷದಿಂದ ಹಿಡಿದ ಮತ್ತೊಂದು ಮೃಗದಿಂದ ನೆಲಕ್ಕುರುಳುವುದು. ಈ ಕಾರ್ಯಕಾರಣಸರಣಿಯನ್ನು ಗಮನಿಸದ ವ್ಯಾಖ್ಯಾನವು ಲಯನ್ನಿನಲ್ಲಿ ಶೌರ್ಯವನ್ನು ಮಾತ್ರ ಕಂಡು, ಸ್ಯಾಮನ ಕೃತ್ಯದಲ್ಲಿರುವ ವಿಷಾದವನ್ನು ಕೈಬಿಡುವುದು. ಕರಡಿ ಸತ್ತೊಡನೆ ನಾಯಿಯೂ ಸ್ಯಾಮನೂ ಅಳಿಯುವುದೇಕೆಂಬುದಕ್ಕೆ ಉತ್ತರವು ಆ ಬೋನಿನಲ್ಲಿಯೇ ಇದೆ.

1883ರ ಡಿಸೆಂಬರಿನಲ್ಲಿ ನಡೆಯುವ ಕೊನೆಯ ಬೇಟೆಯ ವಿಷಯದಲ್ಲಿ ಆಕ್ಷೇಪವೊಂದು ಏಳಬಹುದು: ಕಡುಚಳಿಯಲ್ಲಿ ಮಲಗಿರಬೇಕಾದ ಕರಡಿ ಓಡುವುದು ಹೇಗೆ? ಇದು ಉತ್ತರದೇಶದ ನಿಯಮವನ್ನು ದಕ್ಷಿಣಕ್ಕೆ ಹೊರಿಸುವ ಆಕ್ಷೇಪ. ಮಿಸಿಸಿಪ್ಪಿಯ ತಗ್ಗುಗಾಡುಗಳಲ್ಲಿ ಚಳಿಗಾಲವು ಕಿರಿದು. ಗರ್ಭಿಣಿಯರು ಪೊಟರೆ ಹೊಕ್ಕರೂ ಗಂಡುಗಳು ತಡವಾಗಿ ಮಲಗುವುವು, ಕೆಲವು ನಡುನಡುವೆ ಎದ್ದು ತಿರುಗುವುವು. ಮೇಲಾಗಿ ಬೇಟೆಗಾರರು ಎರಡು ವಾರಕ್ಕೂ ಮಿಕ್ಕಿ, ಚಳಿಯು ಸಡಿಲವಾಗಲೆಂದು ಕಾದು ಕುಳಿತಿರುವರೆಂದು ಕವಿಯೇ ಹೇಳಿರುವನು. ದೇಶೌಚಿತ್ಯವು ಕಾಲೌಚಿತ್ಯವನ್ನು ಕಾಪಾಡಿದೆ.

ಬೇಟೆಯ ಗುಣದೋಷಚರ್ಚೆಯು ಭಾರತೀಯರಿಗೆ ಹೊಸದಲ್ಲ. ‘ಶಾಕುಂತಲ’ದ ಎರಡನೆಯ ಅಂಕದಲ್ಲಿ ಸೇನಾಪತಿಯು ಮೃಗಯೆಯನ್ನು ಹೊಗಳಿದರೆ, ಮನುಷ್ಯನ ಮೂಗಿಗೆ ಆಸೆಪಡುವ ಮುದಿಕರಡಿಯ ಬಾಯಿಗೆ ಬೀಳುವೆಯೆಂದು ವಿದೂಷಕನು ಅವನನ್ನು ಹಳಿಯುವನು. ಅಲ್ಲಿಯ ಕರಡಿ ಹಾಸ್ಯಕ್ಕೆ ವಿಭಾವ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮೃಗಯೆಯು ವಿನೋದ, ಅಲ್ಲಿ ಮೃಗವನ್ನು ಮರುಳುಮಾಡುವುದು ರಾಜನ ಜಾಣ್ಮೆಯೇ ಹೊರತು ಕಳಂಕವಲ್ಲ. ಫಾಕ್ನರನಲ್ಲಿ ವೀರವು ತೋರಿಕೆಗೆ ಅಂಗಿ. ಆದರೆ ಬೂನ್ ಹಾಗನ್‌ಬೆಕ್ಕನು ಚೂರಿಯೊಡನೆ ಕರಡಿಯ ಬೆನ್ನಮೇಲೆ ಬಿದ್ದ ಕ್ಷಣದಿಂದ ಕರುಣವೇ ಪ್ರಧಾನವಾಗುವುದು.

ದೋಷವಿಲ್ಲವೆಂದಲ್ಲ. ನಾಲ್ಕನೆಯ ಭಾಗದಲ್ಲಿ, 1888ರಲ್ಲಿ ಇಪ್ಪತ್ತೊಂದು ವಯಸ್ಸಿನ ಐಸಾಕನು ಪಿತ್ರಾರ್ಜಿತವನ್ನು ತ್ಯಜಿಸುವ ದೀರ್ಘವಾದವು ಬರುವುದು. ಲೆಕ್ಕದ ಪುಸ್ತಕಗಳಿಂದ ಹೊರಬೀಳುವ ಗುಲಾಮಗಿರಿಯ ಪಾಪವು ಘೋರವಾದುದು, ತ್ಯಾಗಕ್ಕೆ ತಕ್ಕ ಹೇತುವೂ ಅಹುದು. ಆದರೆ ವಾಕ್ಯಗಳು ಪುಟಗಳನ್ನು ದಾಟಿ ಹರಿಯುವಾಗ ರಸಕ್ಕೆ ವಿಚ್ಛೇದವುಂಟಾಗುವುದನ್ನು ಒಪ್ಪಲೇಬೇಕು. ಇದನ್ನು ಬಿಟ್ಟು ಬೇಟೆಯ ಭಾಗವನ್ನಷ್ಟೇ ಓದಿಸುವ ಅಧ್ಯಾಪಕರು ಸೌಕರ್ಯವನ್ನು ಗಳಿಸಿ ಅರ್ಥವನ್ನು ಕಳೆದುಕೊಳ್ಳುವರು. ಕಾಡನ್ನು ಕೊಳ್ಳಲೂ ಮಾರಲೂ ಮನುಷ್ಯನಿಗೆ ಹಕ್ಕಿದೆಯೇ ಎಂಬ ಪ್ರಶ್ನೆಯು ಅಲ್ಲಿಯೇ ಸ್ಫುಟವಾಗುವುದು. ಐದನೆಯ ಭಾಗದಲ್ಲಿ ಡಿ ಸ್ಪೇನನು ಮರಗಳನ್ನು ಮೆಂಫಿಸಿನ ವ್ಯಾಪಾರಿಗಳಿಗೆ ಮಾರಿರುತ್ತಾನೆ, ರೈಲು ಕಾಡನ್ನು ಹೊಕ್ಕಿರುತ್ತದೆ. ಆ ತಗ್ಗುನೆಲದ ಲೂಯಿಸಿಯಾನಾ ಕರಡಿಯನ್ನು ಅಮೆರಿಕಾ ಸರ್ಕಾರವು 1992ರಲ್ಲಿ ಅಪಾಯಕ್ಕೆ ಗುರಿಯಾದ ಜಾತಿಗಳ ಪಟ್ಟಿಗೆ ಸೇರಿಸಿ, 2016ರಲ್ಲಿ ತೆಗೆದುಹಾಕಿತು.