ಕಾರ್ಡಿನ ಎರಡೂ ಬದಿ ಓದಿ

ಅಂಚೆಚೀಟಿಯೇ ಇಲ್ಲದ ರಣರಂಗದ ಕಾರ್ಡುಗಳ ಮಾತು ಇದು.

ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಸೇನಾ ಅಂಚೆಯಾದ ಫೆಲ್ಡ್‌ಪೋಸ್ಟ್‌ನಲ್ಲಿ ಸೈನಿಕನ ಕಾರ್ಡಿಗೆ ಅಂಚೆವೆಚ್ಚವಿರಲಿಲ್ಲ. ಚೀಟಿಯಿಲ್ಲವೆಂದು, ಚೀಟಿಗಳನ್ನಷ್ಟೇ ಕೂಡಿಡುವ ಆಲ್ಬಮ್ ಪಂಥದ ಸಂಗ್ರಾಹಕರು ಅವನ್ನು ಮೂಲೆಗೆ ತಳ್ಳಿದರು. ಚೌಕಟ್ಟಿನ ಪಂಥದವರು ಚಿತ್ರವಿದ್ದ ಕಾರ್ಡನ್ನಷ್ಟೇ ಆರಿಸಿ ಗಾಜಿನೊಳಗೆ ಕೂರಿಸಿ, ವಿಳಾಸದ ಬದಿಯನ್ನು ರಟ್ಟಿಗೆ ಅಂಟಿಸಿದರು. ಇಬ್ಬರ ಮೇಲೂ ನನ್ನ ತಕರಾರು ಹಳೆಯದು.

ಒಟ್ಟೊ ಡಿಕ್ಸ್‌ನ ಕಾರ್ಡುಗಳನ್ನೇ ನೋಡಿ. 1915ರಲ್ಲಿ ಮೆಷಿನ್‌ಗನ್ ತುಕಡಿಯೊಂದಿಗೆ ಪಶ್ಚಿಮ ರಣರಂಗಕ್ಕೆ ಹೋದ ಈ ಕಲಾವಿದ ಡ್ರೆಸ್ಡೆನ್‌ನ ಗೆಳತಿ ಹೆಲೆನೆ ಯಾಕೋಬ್‌ಗೆ ಕಂದಕದಿಂದ ಕಾರ್ಡು ಕಳಿಸುತ್ತಿದ್ದ. ಒಂದು ಬದಿಗೆ ಶೆಲ್ ಬಿದ್ದ ಗುಂಡಿ, ಕುಸಿದ ಮನೆ, ಕಂದಕದ ತಿರುವು. ಇನ್ನೊಂದು ಬದಿಗೆ ಸುದ್ದಿ, ಕೆಲವೊಮ್ಮೆ ಎಸ್ಪೆರಾಂಟೊದಲ್ಲಿ. 1924ರಲ್ಲಿ ಆತ ಹೊರತಂದ ‘ಡೆರ್ ಕ್ರೀಗ್’ ಎಂಬ 50 ಎಚಿಂಗ್‌ಗಳ ಸಂಪುಟವನ್ನು ಕಲಾಲೋಕ ಬಲ್ಲದು. ಅದರಲ್ಲಿ ಯುದ್ಧ ಕೊಳೆತು ನಾರುತ್ತದೆ. ಕಾರ್ಡುಗಳಲ್ಲಿ ತೀರ್ಪು ಇನ್ನೂ ಹುಟ್ಟಿಲ್ಲ. ಕಣ್ಣಿಗೆ ಬಿದ್ದದ್ದನ್ನು ಕೈ ಅವಸರದಲ್ಲಿ ಹಿಡಿಯುತ್ತಿದೆ. ಕಾರ್ಡಿನಿಂದ ಎಚಿಂಗ್‌ವರೆಗಿನ ಈ ದೂರವನ್ನು ಅಳೆಯಬೇಕೆಂದರೆ ಕಾರ್ಡಿನ ಚಿತ್ರ ಯಾವ ತಿಂಗಳು, ಯಾವ ತುಕಡಿಯಿಂದ ಹೊರಟಿತೆಂದು ಗೊತ್ತಿರಬೇಕು. ಅದನ್ನು ಹೇಳುವುದು ಹಿಂಬದಿಯ ತಾರೀಖು ಮತ್ತು ಠಸ್ಸೆ. ಚೌಕಟ್ಟಿನವರು ಮುಚ್ಚಿದ್ದು ಅದನ್ನೇ.

ಬ್ರಿಟಿಷ್ ಸೇನೆಯ ಎ. 2042 ನಮೂನೆಯ ಕಾರ್ಡನ್ನು ಇದರ ಪಕ್ಕದಲ್ಲಿಡಿ. ಕ್ಷೇಮವಾಗಿರುವುದು, ಆಸ್ಪತ್ರೆ ಸೇರಿರುವುದು, ಕಾಗದ ತಲುಪಿರುವುದು ಎಲ್ಲವೂ ಅದರಲ್ಲಿ ಮೊದಲೇ ಅಚ್ಚಾಗಿರುತ್ತಿತ್ತು. ಸೈನಿಕ ಬೇಡದ ಸಾಲು ಹೊಡೆದುಹಾಕಿ ಸಹಿ ಮಾಡಬೇಕು, ತಾರೀಖು ಬರೆಯಬೇಕು. ಬೇರೇನು ಸೇರಿಸಿದರೂ ಕಾರ್ಡು ನಾಶ. ಚಿತ್ರವಿಲ್ಲದ ಈ ಕಾರ್ಡು ನನಗೆ ಡಿಕ್ಸ್‌ನದ್ದಕ್ಕಿಂತ ಕಡಿಮೆಯದಲ್ಲ. ಸಾಲು ಹೊಡೆದ ಪೆನ್ಸಿಲ್ ಗೆರೆ ನೇರವಾಗಿದೆಯೇ, ನಡುಗಿದೆಯೇ ಎಂದು ನೋಡಿ. ಅದೂ ಅವನ ಕೈಬರಹವೇ.

ಹಾಗಾಗಿ ನನ್ನ ತೀರ್ಮಾನ ಇಷ್ಟು: ರಣರಂಗದ ಅಂಚೆಯಲ್ಲಿ ಚೀಟಿಗೆ ಕೊನೆಯ ಸ್ಥಾನ, ಚಿತ್ರಕ್ಕೆ ಅರ್ಧ ಸ್ಥಾನ, ಇಡೀ ಕಾರ್ಡಿಗೆ ಮೊದಲ ಸ್ಥಾನ.

ನಮ್ಮಲ್ಲೂ ಸೇನೆಯಲ್ಲಿದ್ದವರ ಮನೆಗಳಲ್ಲಿ, ಕೊಡಗಿನಲ್ಲಂತೂ, 56 ಎಪಿಒ ಎಂಬ ಸೇನಾ ಅಂಚೆ ವಿಳಾಸದ ಹಳೆಯ ಕಾಗದಗಳು ಪೆಟ್ಟಿಗೆಯ ತಳದಲ್ಲಿರಬಹುದು. ಠಸ್ಸೆ ಚೆನ್ನಾಗಿದೆಯೆಂದು ಕತ್ತರಿಸಬೇಡಿ. ಟೇಪು, ಗೋಂದು ಮುಟ್ಟಿಸಬೇಡಿ. ಮೊದಲು ಎರಡೂ ಬದಿಯ ಫೋಟೊ ತೆಗೆದಿಡಿ. ಬರೆದವರು ಯಾರು, ಆಗ ಎಲ್ಲಿದ್ದರು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ, ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಿ.