ಅಗ್ಗದ ಕಂಟ್ರೋಲರ್‌ನಲ್ಲಿ ಏನನ್ನು ಬಿಟ್ಟುಕೊಡಬಹುದು?

ನಿಂಟೆಂಡೊ ಸ್ವಿಚ್‌ಗೆ ಇನ್ನೊಂದು ಕಂಟ್ರೋಲರ್ ಹುಡುಕುವವರಲ್ಲಿ ಹಲವರು ಹುಡುಕಾಟ ಶುರುಮಾಡುವುದು ಮೊದಲನೆಯದು ಕೆಟ್ಟ ಮೇಲೆ. ಬ್ರೆತ್ ಆಫ್ ದ ವೈಲ್ಡ್ ಆಟದ ನಾಯಕ ಲಿಂಕ್ ಬಂಡೆಯ ಅಂಚಿನಲ್ಲಿ ನಿಂತಿರುತ್ತಾನೆ, ಆಡುವವರ ಹೆಬ್ಬೆರಳು ಸ್ಟಿಕ್‌ನ ಹತ್ತಿರವೂ ಇರುವುದಿಲ್ಲ, ಆದರೂ ಅವನು ತನ್ನಷ್ಟಕ್ಕೆ ಎಡಕ್ಕೆ ಸರಿಯುತ್ತಾ ಹೋಗುತ್ತಾನೆ. ಇದಕ್ಕೆ ಡ್ರಿಫ್ಟ್ ಎನ್ನುತ್ತಾರೆ. 2017ರಲ್ಲಿ ಸ್ವಿಚ್ ಮಾರುಕಟ್ಟೆಗೆ ಬಂದ ಮೇಲೆ ಅದರ ಜೊತೆಗೇ ಬರುವ ಜಾಯ್‌ಕಾನ್ ಕಂಟ್ರೋಲರ್‌ಗಳಲ್ಲಿ ಈ ದೋಷ ಎಷ್ಟು ವ್ಯಾಪಕವಾಯಿತೆಂದರೆ, 2019ರಲ್ಲಿ ಅಮೆರಿಕದ ನ್ಯಾಯಾಲಯಕ್ಕೆ ಮೊಕದ್ದಮೆ ಹೋಯಿತು. 2020ರಲ್ಲಿ ಕಂಪನಿಯ ಅಧ್ಯಕ್ಷ ಶುಂತಾರೊ ಫುರುಕಾವಾ ಗ್ರಾಹಕರ ಕ್ಷಮೆ ಕೇಳಿದರು. ಅಮೆರಿಕದಲ್ಲಿದ್ದವರಿಗೆ ಉಚಿತ ರಿಪೇರಿಯೂ ಸಿಕ್ಕಿತು. ಆದರೆ ಭಾರತದಲ್ಲಿ ಸ್ವಿಚ್ ಅಧಿಕೃತವಾಗಿ ಬಿಡುಗಡೆಯೇ ಆಗಲಿಲ್ಲ. ಬೆಂಗಳೂರಿನವರ ಕೈಯಲ್ಲಿರುವ ಸ್ವಿಚ್ ಯಾರೋ ಆಮದು ಮಾಡಿ ಮಾರಿದ್ದು, ಇಲ್ಲವೇ ವಿದೇಶದಿಂದ ನೆಂಟರು ತಂದುಕೊಟ್ಟದ್ದು. ಕೆಟ್ಟರೆ ಒಯ್ದುಕೊಡಲು ಕಂಪನಿಯ ಸರ್ವಿಸ್ ಸೆಂಟರ್ ಇಲ್ಲ. ಹಾಗಾಗಿ ಬೇರೆ ಕಂಪನಿಯ ಅಗ್ಗದ ಕಂಟ್ರೋಲರ್ ಕೊಳ್ಳುವುದನ್ನು ನಾನು ಬರೀ ದುಡ್ಡು ಉಳಿಸುವ ಉಪಾಯ ಎಂದು ನೋಡುವುದಿಲ್ಲ. ಸರಿಯಾಗಿ ಆರಿಸಿದರೆ ಮುಖ್ಯವಾದ ಒಂದು ವಿಷಯದಲ್ಲಿ ಅದು ಒರಿಜಿನಲ್‌ಗಿಂತ ಮೇಲು.

ಆ ವಿಷಯ ಸ್ಟಿಕ್‌ನದು. ಜಾಯ್‌ಕಾನ್‌ನಲ್ಲೂ ನಿಂಟೆಂಡೊದ ಪ್ರೊ ಕಂಟ್ರೋಲರ್‌ನಲ್ಲೂ ಸ್ಟಿಕ್‌ನ ಕೆಳಗೆ ಇರುವುದು ಪೊಟೆನ್ಶಿಯೊಮೀಟರ್. ಇಂಗಾಲ ಲೇಪಿಸಿದ ಪಟ್ಟಿಯ ಮೇಲೆ ಲೋಹದ ಸಣ್ಣ ನಾಲಿಗೆಯೊಂದು ಉಜ್ಜುತ್ತಾ ಓಡಾಡುತ್ತದೆ. ಅದು ಎಲ್ಲಿದೆ ಎಂಬುದರ ಮೇಲೆ ವೋಲ್ಟೇಜ್ ಬದಲಾಗುತ್ತದೆ. ಹಳೆಯ ರೇಡಿಯೊದ ವಾಲ್ಯೂಮ್ ಗುಂಡಿಯೊಳಗಿದ್ದದ್ದೂ ಇದೇ. ತಿರುಗಿಸಿದಾಗ ಅದು ಕರಕರ ಎನ್ನುತ್ತಿದ್ದುದು ಪಟ್ಟಿ ಸವೆದು ಕೊಳೆ ಸೇರಿದ್ದರಿಂದ. ಉಜ್ಜಿಕೊಳ್ಳುವ ಭಾಗ ಇರುವವರೆಗೆ ಸವೆತ ತಪ್ಪಿದ್ದಲ್ಲ.

ಹಾಲ್ ಎಫೆಕ್ಟ್ ಸ್ಟಿಕ್‌ನಲ್ಲಿ ಉಜ್ಜುವ ಪಟ್ಟಿಯೇ ಇಲ್ಲ. ಸ್ಟಿಕ್‌ನ ಬುಡದಲ್ಲಿ ಅಯಸ್ಕಾಂತ, ಎದುರಿಗೆ ಸೆನ್ಸರ್, ನಡುವೆ ಗಾಳಿ. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ತತ್ವ ಇದು. 1998ರಲ್ಲಿ ಬಂದ ಸೆಗಾ ಡ್ರೀಮ್‌ಕಾಸ್ಟ್‌ನ ಕಂಟ್ರೋಲರ್‌ನಲ್ಲೇ ಇಂಥ ಸೆನ್ಸರ್ ಇತ್ತು. ದೊಡ್ಡ ಕಂಪನಿಗಳು ಆಮೇಲೆ ಅದನ್ನು ಕೈಬಿಟ್ಟವು. ಎತ್ತಿಕೊಂಡವರು ಚೀನಾದ ಸಣ್ಣ ತಯಾರಕರು. 2022ರಲ್ಲಿ ಗುಲಿಕಿಟ್ ಕಂಪನಿಯ ಕಿಂಗ್‌ಕಾಂಗ್ 2 ಪ್ರೊ, ಅದೇ ವರ್ಷ ಏಯ್ಟ್‌ಬಿಟ್‌ಡೂ ಕಂಪನಿಯ ಅಲ್ಟಿಮೇಟ್ ಬ್ಲೂಟೂತ್ ಬಂದವು. ನಿಂಟೆಂಡೊ ಮಾಡಬೇಕಾಗಿದ್ದ ಕೆಲಸವನ್ನು ಇವರು ಮಾಡಿದರು. ಈ ಶ್ರೇಯಸ್ಸು ಅವರಿಗೆ ಸಲ್ಲಲೇಬೇಕು.

ಆದರೆ ಪೆಟ್ಟಿಗೆಯ ಮೇಲೆ ‘ಹಾಲ್’ ಎಂದು ಕಂಡ ಕೂಡಲೇ ಕಣ್ಣುಮುಚ್ಚಿ ಕೊಳ್ಳುವ ಹಾಗೂ ಇಲ್ಲ. ಸ್ಟಿಕ್ಕನ್ನು ನಡುವಿಗೆ ಎಳೆದು ತರುವ ಸ್ಪ್ರಿಂಗ್ ಹಾಲ್ ಸ್ಟಿಕ್‌ನಲ್ಲೂ ಸಡಿಲವಾಗಬಹುದು. ಸಾಫ್ಟ್‌ವೇರ್ ಒರಟಾಗಿದ್ದರೆ ಒಳ್ಳೆಯ ಸೆನ್ಸರ್ ಇದ್ದೂ ಮೆಲ್ಲಗೆ ನಡೆಯಲು ಆಗದು. ಸ್ಟಿಕ್ಕನ್ನು ಒಂಚೂರು ದೂಡಿದರೂ ಪಾತ್ರ ಓಟವೇ ಕೀಳುತ್ತದೆ.

ಏಯ್ಟ್‌ಬಿಟ್‌ಡೂ ಪ್ರೊ 2 ಕಂಟ್ರೋಲರನ್ನು ಉದಾಹರಣೆಯಾಗಿ ನೋಡೋಣ. ಅಮೆರಿಕದಲ್ಲಿ ನಿಂಟೆಂಡೊದ ಪ್ರೊ ಕಂಟ್ರೋಲರ್‌ಗೆ ಸುಮಾರು 70 ಡಾಲರ್ ಇದ್ದಾಗ ಇದಕ್ಕೆ 50. ಕೆಳಗೆ ಸರಿಸುವ ಚಿಕ್ಕ ಸ್ವಿಚ್ ಒಂದಿದೆ, ಅದರ ಪಕ್ಕ ನಾಲ್ಕು ಅಕ್ಷರ: ಎಸ್‌ಗೆ ಸರಿಸಿದರೆ ನಿಂಟೆಂಡೊ ಸ್ವಿಚ್, ಎ ಮ್ಯಾಕ್‌ಗೆ, ಡಿ ಆಂಡ್ರಾಯ್ಡ್‌ಗೆ, ಎಕ್ಸ್ ವಿಂಡೋಸ್‌ಗೆ. ಮನೆಯಲ್ಲಿ ಕಂಪ್ಯೂಟರ್‌ನಲ್ಲೂ ಆಡುವವರಿದ್ದರೆ ಒಂದರಲ್ಲೇ ಎರಡೂ ಕೆಲಸ. ಬ್ಯಾಟರಿಯನ್ನು ತೆಗೆದು ಎರಡು ಪೆನ್ಸಿಲ್ ಸೆಲ್ ಹಾಕಬಹುದು, ಅಂದರೆ ಒಳಗಿನ ಬ್ಯಾಟರಿ ಸತ್ತರೂ ಕಂಟ್ರೋಲರ್ ಸಾಯುವುದಿಲ್ಲ. ರಿಪೇರಿ ಸಿಗದ ಊರಿನಲ್ಲಿ ಇದು ಸಣ್ಣ ಮಾತಲ್ಲ. ನಾಲ್ಕು ದಿಕ್ಕಿನ ಬಟನ್, ಅಂದರೆ ಡಿ-ಪ್ಯಾಡ್, ಅಂತೂ ಅದ್ಭುತ. ನಿಂಟೆಂಡೊದ ಪ್ರೊ ಕಂಟ್ರೋಲರ್‌ನಲ್ಲಿ ಎಡ ಒತ್ತಿದರೆ ಮೇಲೂ ಒತ್ತಿದಂತಾಗುತ್ತದೆ ಎಂದು ಟೆಟ್ರಿಸ್ ಆಡುವವರು ದೂರಿದ್ದುಂಟು, ಇದರಲ್ಲಿ ಆ ಕಾಟವಿಲ್ಲ.

ಒಪ್ಪಲಾಗದ್ದೂ ಇದೆ. ಅದರ ಟ್ರಿಗರ್‌ಗಳು ಕಾರ್ ರೇಸಿಗೆ ಹೇಳಿಮಾಡಿಸಿದಂತೆ ಆಳಕ್ಕೆ ಹೋಗುತ್ತವೆ. ಸ್ವಿಚ್ ಅಷ್ಟು ಸೂಕ್ಷ್ಮವಾಗಿ ಓದುವುದೇ ಇಲ್ಲ. ಅದಕ್ಕೆ ಒತ್ತಿದ್ದೀರೋ ಇಲ್ಲವೋ ಎಂಬುದಷ್ಟೇ ಲೆಕ್ಕ. ಸ್ಪ್ಲಟೂನ್ ಆಟದಲ್ಲಿ ಪ್ರತಿ ಸಲ ಬಣ್ಣ ಎರಚಲು ಬೆರಳು ಅಷ್ಟು ದೂರ ಹೋಗಿಬರುವುದು ವ್ಯರ್ಥ ಶ್ರಮ. 2021ರಲ್ಲಿ ಬಂದ ಪ್ರೊ 2ರಲ್ಲಿದ್ದದ್ದು ಹಳೆಯ ಬಗೆಯ ಸ್ಟಿಕ್. ಹಾಲ್ ಸೇರಿದ್ದು ಆಮೇಲೆ. ಹೆಸರು ಎರಡಕ್ಕೂ ಒಂದೇ ಆದ್ದರಿಂದ ಅಂಗಡಿಯಲ್ಲಿ ಕೇಳಿಯೇ ಕೊಳ್ಳಬೇಕು. ಇದೇ ಕಂಪನಿಯ ಅಲ್ಟಿಮೇಟ್ ಸಿ ಹೆಸರಿನಲ್ಲೂ ಇಂಥದೇ ಗೊಂದಲ: ಬ್ಲೂಟೂತ್ ಮಾದರಿ ಸ್ವಿಚ್‌ಗೆ, 2.4ಜಿ ಮಾದರಿ ಕಂಪ್ಯೂಟರ್‌ಗೆ. ಗ್ರಾಹಕರನ್ನು ಹೀಗೆ ಗೊಂದಲಕ್ಕೆ ಕೆಡಹುವುದು ಒಳ್ಳೆಯ ವ್ಯಾಪಾರವಲ್ಲ.

ಅಗ್ಗದ ಕಂಟ್ರೋಲರ್ ಎಂದ ಮೇಲೆ ಏನಾದರೂ ಬಿಡಲೇಬೇಕು. ಅಮೀಬೊ ಗೊಂಬೆಗಳನ್ನು ಓದುವ ಎನ್‌ಎಫ್‌ಸಿ ಬಿಡಬಹುದು, ಗೊಂಬೆ ಕೂಡಿಸುವ ಮಕ್ಕಳಿಲ್ಲದ ಮನೆಯಲ್ಲಿ ಅದು ನೆನಪಿಗೂ ಬಾರದು. ದೂರದಿಂದಲೇ ಕನ್ಸೋಲನ್ನು ಎಬ್ಬಿಸುವ ಸೌಕರ್ಯ ಹಲವು ಅಗ್ಗದ ಕಂಟ್ರೋಲರ್‌ಗಳಲ್ಲಿ ಇರುವುದಿಲ್ಲ. ಎದ್ದು ಹೋಗಿ ಬಟನ್ ಒತ್ತಿದರಾಯಿತು. ನಿಂಟೆಂಡೊದ ಪರವಾನಗಿ ಪಡೆದ ಪವರ್‌ಎ ವೈರ್‌ಲೆಸ್ ಕಂಟ್ರೋಲರ್‌ನ ಸೆಲ್ ಹಾಕುವ ಮಾದರಿಯಲ್ಲಿ ವೈಬ್ರೇಶನ್ ಇಲ್ಲ, ಅದನ್ನೂ ಸಹಿಸಿಕೊಳ್ಳಬಹುದು. ಕಂಟ್ರೋಲರ್ ವಾಲುವುದನ್ನು ಗುರುತಿಸುವ ಗೈರೋ ಮಾತ್ರ ಬಿಡಬೇಡಿ. ಬ್ರೆತ್ ಆಫ್ ದ ವೈಲ್ಡ್‌ನ ಕೆಲವು ಗುಡಿಗಳಲ್ಲಿ ಚೆಂಡನ್ನು ದಾರಿಗೆ ತರಲು ಕಂಟ್ರೋಲರನ್ನೇ ವಾಲಿಸಬೇಕು. ಗೈರೋ ಇಲ್ಲದಿದ್ದರೆ ಅಲ್ಲೇ ತಡೆದು ನಿಲ್ಲುತ್ತೀರಿ. ಕಂಟ್ರೋಲರ್‌ನೊಳಗಿನ ಸಾಫ್ಟ್‌ವೇರ್‌ಗೆ, ಅಂದರೆ ಫರ್ಮ್‌ವೇರ್‌ಗೆ, ಅಪ್‌ಡೇಟ್ ಕೊಡದ ಕಂಪನಿಯೂ ಬೇಡ. 2025ರ ಜೂನ್‌ನಲ್ಲಿ ಸ್ವಿಚ್ 2 ಬಂದಾಗ ಹೊರಗಿನವರ ಎಷ್ಟೋ ಕಂಟ್ರೋಲರ್‌ಗಳು ಅದಕ್ಕೆ ಜೋಡಣೆಯಾಗಲೇ ಇಲ್ಲ. ಏಯ್ಟ್‌ಬಿಟ್‌ಡೂ ಹಳೆಯ ಮಾದರಿಗಳಿಗೂ ಅಪ್‌ಡೇಟ್ ಕೊಟ್ಟಿತು. ಅಪ್‌ಡೇಟ್ ಕೊಡುವ ವ್ಯವಸ್ಥೆಯೇ ಇಲ್ಲದ ಹೆಸರಿಲ್ಲದ ತಯಾರಕರ ಗಿರಾಕಿಗಳಿಗೆ ಆ ದಾರಿಯೂ ಇರಲಿಲ್ಲ. ನೂರಿನ್ನೂರು ರೂಪಾಯಿ ಉಳಿಸಲು ಇಂಥದನ್ನು ತರುವುದಕ್ಕಿಂತ, ಹಾಲ್ ಸ್ಟಿಕ್ ಇರುವ ಪ್ರೊ 2 ಸಿಗುವವರೆಗೆ ಒಂದು ತಿಂಗಳು ಕಾಯುವುದೇ ಲೇಸು.

ಕೊಂಡ ದಿನವೇ ಸ್ವಿಚ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ಟಿಕ್ ಕ್ಯಾಲಿಬ್ರೇಟ್ ಮಾಡುವ ಪರದೆ ತೆರೆಯಿರಿ. ಬೆರಳು ತೆಗೆದಾಗ ಗುರುತು ನಡುವಿಗೆ ಮರಳಬೇಕು, ಸುತ್ತ ತಿರುಗಿಸಿದಾಗ ಎಲ್ಲ ಕಡೆ ಅಂಚನ್ನು ಮುಟ್ಟಬೇಕು. ಹಾಗಾಗದಿದ್ದರೆ ಬಿಲ್ ಸಮೇತ ಅಂಗಡಿಗೆ ವಾಪಸ್ ಕೊಡಿ.